ಗಣಿಯ ತಾಯಿಯ ಜಾತ್ರೆ: ಒರುರೊ ಕಾರ್ನಿವಲ್ ನೋಡುವ ಬಗೆ

ಭೂಮಿಯೊಳಗೆ ಇಳಿದು ದುಡಿಯುವವರಿಗೆ ದೇವರ ನೆನಪು ಎಷ್ಟು ಹತ್ತಿರದ್ದು ಎಂಬುದನ್ನು ಹಟ್ಟಿಯ ಚಿನ್ನದ ಗಣಿಯ ಮನೆಗಳವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದಲ್ಲಿ, ಆಂಡಿಸ್ ಪರ್ವತಗಳ ನಡುವಿನ ಎತ್ತರದ ಬಯಲಿನಲ್ಲಿ, ಒರುರೊ ಎಂಬ ಗಣಿ ಪಟ್ಟಣವಿದೆ. ಸ್ಪೇನಿನವರು ಬೆಳ್ಳಿಯ ಆಸೆಗೆ 1606ರಲ್ಲಿ ಸ್ಥಾಪಿಸಿದ ಆ ಊರು ಮುಂದೆ ತವರದ ಅದಿರನ್ನು ನೆಚ್ಚಿ ಬದುಕಿತು. ವರ್ಷಕ್ಕೊಮ್ಮೆ, ಕಾರ್ನಿವಲ್ ಎಂಬ ಹಬ್ಬದಲ್ಲಿ, ಅಲ್ಲಿನ ಜನ ತಮ್ಮ ‘ಸುರಂಗದ ತಾಯಿ’ ಮೇರಿಯ ಗುಡಿಯವರೆಗೆ ಸುಮಾರು ನಾಲ್ಕು ಕಿಲೊಮೀಟರ್ ದಾರಿಯನ್ನು ಕುಣಿಯುತ್ತಲೇ ಸವೆಸುತ್ತಾರೆ. ಯುನೆಸ್ಕೊ 2001ರಲ್ಲಿ ಈ ಉತ್ಸವವನ್ನು ಮಾನವಕುಲದ ಮೌಖಿಕ ಮತ್ತು ಅಮೂರ್ತ ಪರಂಪರೆಯ ಮೇರುಕೃತಿಯೆಂದು ಸಾರಿತು, 2008ರಲ್ಲಿ ತನ್ನ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ಅದೇ ಸಂಸ್ಥೆ ಕೊಡುವ ಲೆಕ್ಕದಂತೆ ಸುಮಾರು 50 ತಂಡಗಳಲ್ಲಿ 28,000ಕ್ಕೂ ಹೆಚ್ಚು ಕುಣಿಯುವವರು ಮತ್ತು 10,000 ವಾದ್ಯಗಾರರು ಸೇರುತ್ತಾರೆ, ಮೆರವಣಿಗೆ ಇಪ್ಪತ್ತು ಗಂಟೆಗಳ ಕಾಲ ಸಾಗುತ್ತದೆ.

ಈ ಅಂಕಿಗಳನ್ನು ಓದಿದವರು ಅದನ್ನೊಂದು ದೊಡ್ಡ ಪ್ರದರ್ಶನವೆಂದು ಭಾವಿಸಿ ಹೊರಡುತ್ತಾರೆ. ಬಣ್ಣ ನೋಡಿ, ಚಿತ್ರ ತೆಗೆದು, ದಣಿದು, ಮಧ್ಯರಾತ್ರಿಗೆ ಮುಂಚೆಯೇ ಹೋಟೆಲಿಗೆ ಮರಳುತ್ತಾರೆ. ಹಾಗೆ ನೋಡಿದವರು ಅರ್ಧ ಹಬ್ಬವನ್ನಷ್ಟೇ ನೋಡಿದಂತೆ. ಒರುರೊದ ಕುಣಿತ ಮೂಲತಃ ಹರಕೆ. ಕುಣಿಯುವವರು ತಾಯಿಯ ಮುಂದೆ ಮೂರು ವರ್ಷ ಕುಣಿಯುತ್ತೇನೆಂದು ಮಾತು ಕೊಟ್ಟು ಬಂದವರು. ಹುಲಿಗಿಯ ಹುಲಿಗೆಮ್ಮನಿಗೆ ದೀರ್ಘದಂಡ ನಮಸ್ಕಾರ ಹಾಕುವವರನ್ನು, ಕೊಪ್ಪಳದ ಗವಿಮಠದ ಜಾತ್ರೆಗೆ ರೊಟ್ಟಿಯ ಗಂಟು ಹೊತ್ತು ನಡೆದು ಬರುವವರನ್ನು ಕಂಡು ಬೆಳೆದ ನಮಗೆ ಇದನ್ನು ಅರಿಯುವ ಕಣ್ಣು ಮೊದಲೇ ಇದೆ. ಆ ಕಣ್ಣಿನಿಂದ ಒರುರೊವನ್ನು ಹೇಗೆ ನೋಡಬೇಕು, ಅದಕ್ಕಾಗಿ ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನಾಂಕ ಗೊತ್ತುಮಾಡಿಕೊಳ್ಳಬೇಕು. ನಮ್ಮ ಜಾತ್ರೆಗಳಂತೆ ಇದೂ ಚಂದ್ರನನ್ನು ಅನುಸರಿಸಿ ಬರುವುದರಿಂದ ಪ್ರತಿವರ್ಷ ತಾರೀಖು ಬದಲಾಗುತ್ತದೆ. ಈಸ್ಟರ್ ಭಾನುವಾರದಿಂದ ಹಿಂದಕ್ಕೆ 50 ದಿನ ಎಣಿಸಿದರೆ ಸಿಗುವ ಶನಿವಾರವೇ ದೊಡ್ಡ ಮೆರವಣಿಗೆಯ ದಿನ. ಎಣಿಕೆ ತೊಡಕೆನಿಸಿದರೆ ಬಳ್ಳಾರಿಯಲ್ಲಾಗಲಿ ಮುದಗಲ್ಲಿನಲ್ಲಾಗಲಿ ಪರಿಚಯದ ಕ್ರೈಸ್ತ ಕುಟುಂಬವೊಂದನ್ನು ಕೇಳಿ ಬೂದಿ ಬುಧವಾರ ಎಂದು ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬಹುದು. ಅದರ ಹಿಂದಿನ ಶನಿವಾರವೇ ನಮಗೆ ಬೇಕಾದ ದಿನ. 2027ರಲ್ಲಿ ಅದು ಫೆಬ್ರುವರಿ 6, 2028ರಲ್ಲಿ ಫೆಬ್ರುವರಿ 26. ಶನಿವಾರಕ್ಕೆ ಸರಿಯಾಗಿ ಊರು ತಲುಪಿ ಭಾನುವಾರ ಹೊರಟುಬಿಡುವ ಯೋಜನೆ ಬೇಡ. ಗುರುವಾರವೇ ಅಲ್ಲಿದ್ದು, ಮಂಗಳವಾರದವರೆಗೆ ಉಳಿಯುವಂತೆ ನೋಡಿಕೊಳ್ಳಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಅಷ್ಟು ದೂರ ಹೋಗಲು ಎಲ್ಲರಿಗೂ ಸಾಧ್ಯವಿಲ್ಲ, ಆದರೆ ಮನೆಯಲ್ಲಿ ಕುಳಿತೂ ಚೆನ್ನಾಗಿ ನೋಡಬಹುದು. ಬೊಲಿವಿಯಾದ ಟಿ.ವಿ. ವಾಹಿನಿಗಳು ಮೆರವಣಿಗೆಯನ್ನು ಅಂತರ್ಜಾಲದಲ್ಲಿ ನೇರವಾಗಿ ಬಿತ್ತರಿಸುತ್ತವೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿದೆ, ಆದ್ದರಿಂದ ಅಲ್ಲಿ ಶನಿವಾರ ಬೆಳಗಿನ 7 ಗಂಟೆಯಾದಾಗ ನಮ್ಮಲ್ಲಿ ಸಂಜೆ 4:30 ಆಗಿರುತ್ತದೆ. ಶನಿವಾರ ಸಂಜೆ ಕೆಲವು ತಾಸು, ಮತ್ತೆ ಭಾನುವಾರ ಬೆಳಿಗ್ಗೆ ಎದ್ದು ಕೆಲವು ತಾಸು ನೋಡಿದರೆ, ಹಗಲಿನ ಹುರುಪು ಮತ್ತು ನಡುರಾತ್ರಿಯ ದಣಿವು ಎರಡನ್ನೂ ಕಂಡಂತಾಗುತ್ತದೆ. ಕುಣಿತಗಳ ಬಗ್ಗೆ ಕೆಳಗೆ ಹೇಳುವ ವಿವರಗಳು ಹೀಗೆ ನೋಡುವವರಿಗೂ ಅಷ್ಟೇ ಉಪಯೋಗಕ್ಕೆ ಬರುತ್ತವೆ.

ಹೋಗುವವರ ಮುಖ್ಯ ಕಷ್ಟ ಎತ್ತರ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದ್ದರೆ ಒರುರೊ ಸುಮಾರು 3,700 ಮೀಟರ್ ಮೇಲಿದೆ. ಅಲ್ಲಿನ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರದ ದಂಡೆಯಲ್ಲಿ ಸಿಗುವುದರ ಮೂರನೆಯ ಎರಡು ಪಾಲಿಗಿಂತಲೂ ತುಸು ಕಡಿಮೆ. ಲಾ ಪಾಸ್ ನಗರದ ವಿಮಾನ ನಿಲ್ದಾಣಕ್ಕೆ ನೇರವಾಗಿ ಇಳಿದವರು 4,000 ಮೀಟರ್ ಎತ್ತರದಲ್ಲಿ ಒಮ್ಮೆಲೇ ಕಾಲಿಟ್ಟಂತಾಗುತ್ತದೆ, ತಲೆನೋವು, ವಾಕರಿಕೆ, ನಿದ್ರೆಗೇಡು ತಪ್ಪದು. ಅದರ ಬದಲು ಮೊದಲು ಸಾಂತಾ ಕ್ರೂಸ್ ನಗರಕ್ಕೆ ಇಳಿಯುವುದು ಒಳ್ಳೆಯದು. ಅದು ಹೆಚ್ಚುಕಡಿಮೆ ನಮ್ಮ ರಾಯಚೂರಿನಷ್ಟೇ ಎತ್ತರದಲ್ಲಿದೆ, ಸೆಕೆಯೂ ಪರಿಚಿತವೆನಿಸುತ್ತದೆ. ಅಲ್ಲಿಂದ ಸುಮಾರು 2,500 ಮೀಟರ್ ಎತ್ತರದ ಕೋಚಬಂಬಾದಲ್ಲಿ ಎರಡು ಮೂರು ದಿನ ತಂಗಿ, ನಂತರ ಬಸ್ಸಿನಲ್ಲಿ ಒರುರೊಗೆ ಏರಿದರೆ ದೇಹ ಮೆಟ್ಟಿಲು ಮೆಟ್ಟಿಲಾಗಿ ಒಗ್ಗಿಕೊಳ್ಳುತ್ತದೆ. ತಲುಪಿದ ಮೊದಲ ದಿನ ಭಾರ ಹೊರಬಾರದು, ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ಮದ್ಯ ಮುಟ್ಟಬಾರದು. ಸಾಂತಾ ಬಾರ್ಬರಾ ಗುಡ್ಡದ ಮೇಲೆ 2013ರಲ್ಲಿ ನಿಲ್ಲಿಸಿದ, 45 ಮೀಟರ್ ಎತ್ತರದ ತಾಯಿಯ ಪ್ರತಿಮೆಯನ್ನು ನೋಡುವ ಅವಸರದಲ್ಲಿ ನಾನು ಎರಡನೆಯ ದಿನವೇ ಗುಡ್ಡ ಹತ್ತಲು ಹೋಗಿ ಅರ್ಧ ದಾರಿಯಲ್ಲಿ ಕುಳಿತುಬಿಟ್ಟೆ. ಮೇಲೆ ಹೋಗಲು ತಂತಿದಾರಿಯ ವ್ಯವಸ್ಥೆಯಿದೆ, ಅದನ್ನೇ ಬಳಸಬಹುದು. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ಹೊರಡುವ ಮುನ್ನ ವೈದ್ಯರ ಒಪ್ಪಿಗೆ ಪಡೆಯುವುದು ಕಡ್ಡಾಯವೆಂದೇ ತಿಳಿಯಬೇಕು.

ಅಲ್ಲಿನವರು ಎತ್ತರದ ತಲೆನೋವಿಗೆ ಕೋಕಾ ಎಲೆಯ ಕಷಾಯ ಕುಡಿಯುತ್ತಾರೆ, ಎಲೆಯನ್ನು ದವಡೆಯಲ್ಲಿಟ್ಟು ರಸ ಹೀರುತ್ತಾರೆ. ಬೊಲಿವಿಯಾದಲ್ಲಿ ಅದು ಕಾನೂನುಬದ್ಧ, ನಮ್ಮ ಎಲೆ ಅಡಿಕೆಯಂತೆ ಗೌರವದ ವಸ್ತು. ಆದರೆ ಒಂದೇ ಒಂದು ಎಲೆಯನ್ನೂ ಚೀಲದಲ್ಲಿಟ್ಟು ಭಾರತಕ್ಕೆ ತರಬಾರದು. ಇಲ್ಲಿನ ಮಾದಕವಸ್ತು ಕಾಯ್ದೆಯಡಿ ಅದು ಅಪರಾಧ. ಇನ್ನೊಂದು ಕಾಗದದ ಬಗ್ಗೆಯೂ ಎಚ್ಚರ ಬೇಕು. ಬೊಲಿವಿಯಾ ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಹಿಂದಿರುಗುವಾಗ ಲಸಿಕೆಯ ಪ್ರಮಾಣಪತ್ರ ಇಲ್ಲದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಪ್ರತ್ಯೇಕವಾಗಿ ಇರಿಸಬಹುದು. ಈ ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಇದನ್ನು ಕೊನೆಯ ವಾರಕ್ಕೆ ಬಿಡದೆ, ಬೆಂಗಳೂರಿಗೆ ಹೋಗುವ ಕೆಲಸವಿದ್ದಾಗಲೇ ಮುಗಿಸಿಕೊಳ್ಳಬೇಕು. ವೀಸಾದ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ಆ ದೇಶದ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳುವುದು ಸರಿ. ಹಬ್ಬದ ವಾರದಲ್ಲಿ ಕೋಣೆಗಳ ಬಾಡಿಗೆ ಹಲವು ಪಟ್ಟು ಏರುತ್ತದೆ, ತಿಂಗಳುಗಳ ಮೊದಲೇ ಕಾಯ್ದಿರಿಸದಿದ್ದರೆ ಊರಿನಲ್ಲಿ ಜಾಗ ಸಿಗುವುದಿಲ್ಲ.

ಫೆಬ್ರುವರಿ ಅಲ್ಲಿ ಮಳೆಗಾಲ. ಹಗಲು ಬಿಸಿಲು, ಇಳಿಹೊತ್ತಿಗೆ ಆಲಿಕಲ್ಲು, ರಾತ್ರಿ ಮೈ ನಡುಗಿಸುವ ಚಳಿ, ಮೂರೂ ಒಂದೇ ದಿನದಲ್ಲಿ ಬರಬಹುದು. ರಾಯಚೂರಿನ ಬೇಸಿಗೆಯನ್ನು ಕಂಡವರು ಬಿಸಿಲಿಗೆ ಹೆದರುವುದಿಲ್ಲ, ಆದರೆ ಅಷ್ಟು ಎತ್ತರದ ತೆಳುಗಾಳಿಯಲ್ಲಿ ಬಿಸಿಲು ತಣ್ಣಗಿದ್ದುಕೊಂಡೇ ಚರ್ಮವನ್ನು ಸುಡುತ್ತದೆ. ಅಗಲ ಅಂಚಿನ ಟೋಪಿ, ಉಣ್ಣೆಯ ಅಂಗಿ, ಮಳೆಯ ಅಂಗಿ ಇವುಗಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಬೇಕು. ಮಳೆಯ ಅಂಗಿಗೆ ಇನ್ನೊಂದು ಕೆಲಸವೂ ಇದೆ: ತಂಡ ತಂಡಗಳ ನಡುವಿನ ಬಿಡುವಿನಲ್ಲಿ ಪ್ರೇಕ್ಷಕರು ಒಬ್ಬರ ಮೇಲೊಬ್ಬರು ನೀರಿನ ಬಲೂನು ಎಸೆಯುತ್ತಾರೆ, ನೊರೆ ಚಿಮ್ಮಿಸುತ್ತಾರೆ. ನಮ್ಮ ಊರ ಓಕುಳಿಯಂತೆ ಇದರಲ್ಲಿ ಪರಿಚಯ, ಅಪರಿಚಯದ ಭೇದವಿಲ್ಲ, ಸಿಟ್ಟಾಗುವಂತೆಯೂ ಇಲ್ಲ. ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಜೇಬಿಗೆ ಸೇರಿಸಿದರೆ ನೀರಿನಿಂದಲೂ ಜೇಬುಗಳ್ಳರಿಂದಲೂ ರಕ್ಷಣೆ.

ಇನ್ನು ನೋಡಬೇಕಾದ ಸಂಗತಿಗೆ ಬರೋಣ. ಶನಿವಾರದ ಮೆರವಣಿಗೆ ಅರ್ಥವಾಗಬೇಕಾದರೆ ಶುಕ್ರವಾರದ ಗಣಿ ತಿಳಿಯಬೇಕು. ಆ ದಿನ ಗಣಿ ಕಾರ್ಮಿಕರು ಸುರಂಗದೊಳಗೆ ‘ತಿಯೊ’ಗೆ ಕೋಕಾ ಎಲೆ, ಮದ್ಯ, ಸಿಗರೇಟು ಅರ್ಪಿಸುತ್ತಾರೆ, ಲಾಮಾ ಎಂಬ ಪ್ರಾಣಿಯ ಬಲಿಯೂ ಉಂಟು. ಸ್ಪ್ಯಾನಿಷಿನಲ್ಲಿ ತಿಯೊ ಎಂದರೆ ಮಾವ ಅಥವಾ ಚಿಕ್ಕಪ್ಪ; ಕೊಂಬಿರುವ, ಬಾಯಲ್ಲಿ ಸಿಗರೇಟು ಹಿಡಿದ ಈ ಮಣ್ಣಿನ ಮೂರ್ತಿ ಪಾತಾಳದ ಒಡೆಯ. ಅದಿರು ಅವನದು, ಸುರಂಗ ಕುಸಿಯದಂತೆ ಕಾಯುವವನೂ ಅವನೇ. ನೆಲದ ಮೇಲೆ ತಾಯಿ ಮೇರಿ, ನೆಲದ ಕೆಳಗೆ ತಿಯೊ ಎಂದು ಗಣಿಯವರು ಎರಡು ಕಡೆಯೂ ನಡೆದುಕೊಳ್ಳುತ್ತಾರೆ. ಮೊಹರಂನಲ್ಲಿ ಮುದಗಲ್ಲಿನ ಅಲೈ ದೇವರಿಗೆ ಹಿಂದೂ ಮನೆಗಳವರು ಸಕ್ಕರೆ ಓದಿಸುವುದನ್ನು ಕಂಡವರಿಗೆ ಇದರಲ್ಲಿ ವಿರೋಧ ಕಾಣದು. ಶುಕ್ರವಾರದ ಪೂಜೆಗೆ ಕರೆಯದೆ ಹೋಗುವುದು ತಪ್ಪು. ಯಾರಾದರೂ ಕರೆದೊಯ್ದರೆ ಒಂದಿಷ್ಟು ಕೋಕಾ ಎಲೆಯನ್ನು ಕೊಂಡು ಕಾಣಿಕೆಯಾಗಿ ಒಯ್ಯಬೇಕು, ಕೇಳದೆ ಚಿತ್ರ ತೆಗೆಯಬಾರದು. ಕರೆ ಬಾರದಿದ್ದರೆ ಸುರಂಗದ ತಾಯಿಯ ಸೊಕಾವೊನ್ ಗುಡಿಯ ಕೆಳಗಿರುವ ಹಳೆಯ ಸುರಂಗವನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ; ಗುಡಿಯಿಂದ ಮೆಟ್ಟಿಲಿಳಿದು ನೇರ ಗಣಿಗೆ ಹೋಗುವ ಆ ದಾರಿಯೇ ಹಬ್ಬದ ಒಳಮರ್ಮವನ್ನು ಹೇಳುತ್ತದೆ.

ಸ್ಪೇನಿನವರು ಬರುವ ಮೊದಲು ಆ ನೆಲ ಊರು ಎಂಬ ಬುಡಕಟ್ಟಿನವರ ಪುಣ್ಯಕ್ಷೇತ್ರವಾಗಿತ್ತು, ಅವರ ದೊಡ್ಡ ಹಬ್ಬಕ್ಕೆ ‘ಇತೊ’ ಎಂದು ಹೆಸರಿತ್ತು. 17ನೆಯ ಶತಮಾನದಲ್ಲಿ ಅದನ್ನು ನಿಷೇಧಿಸಿದಾಗ ಜನ ತಮ್ಮ ದೇವತೆಗಳನ್ನು ಕ್ರೈಸ್ತ ಮೂರ್ತಿಗಳ ಮರೆಯಲ್ಲಿರಿಸಿ ಪೂಜೆಯನ್ನು ಮುಂದುವರಿಸಿದರು. ವಾರಿ ಎಂಬ ಬೆಟ್ಟದ ದೇವರು ತನ್ನನ್ನು ತೊರೆದ ಜನರ ಮೇಲೆ ಮುನಿದು ಹಾವು, ಕಪ್ಪೆ, ಹಲ್ಲಿ, ಇರುವೆಗಳನ್ನು ಛೂಬಿಟ್ಟನೆಂದೂ, ಒಬ್ಬ ದೇವಕನ್ಯೆ ಬಂದು ಅವುಗಳನ್ನು ಕಲ್ಲಾಗಿಸಿ, ಮರಳಾಗಿಸಿ ಊರನ್ನು ಉಳಿಸಿದಳೆಂದೂ ಕಥೆಯಿದೆ. ಊರಿನ ಉತ್ತರಕ್ಕೆ ಕಪ್ಪೆಯ ಕಲ್ಲು, ದಕ್ಷಿಣಕ್ಕೆ ಹಾವಿನ ಬಂಡೆ ಈಗಲೂ ಪೂಜೆಗೊಳ್ಳುತ್ತವೆ. ಆನೆಗೊಂದಿಯ ಬಂಡೆಗಳಲ್ಲಿ ವಾಲಿ ಸುಗ್ರೀವರನ್ನು ಕಾಣುತ್ತ ಬಂದ ನಾವು ಈ ಕಲ್ಲುಗಳಿಗೂ ಒಂದು ಮುಂಜಾವನ್ನು ಮೀಸಲಿಡಬೇಕು. ನೋಡಿ ಬಂದ ಮೇಲೆ ಮೆರವಣಿಗೆಯ ಮುಖವಾಡಗಳ ಹಣೆಯ ಮೇಲೆ ಹೆಡೆಯೆತ್ತಿದ ಹಾವು, ಕುಳಿತ ಕಪ್ಪೆ, ಹಲ್ಲಿ ಏಕಿವೆ ಎಂಬುದು ತಾನಾಗಿ ಹೊಳೆಯುತ್ತದೆ.

ಕುಣಿತಗಳಲ್ಲಿ ಮೊದಲ ಸ್ಥಾನ ದಿಯಬ್ಲಾದದ್ದು, ಅಂದರೆ ಭೂತಗಳ ಕುಣಿತ. ಮುಂದೆ ಕತ್ತಿ ಹಿಡಿದ ದೇವದೂತ ಮಿಗೆಲ್, ಹಿಂದೆ ಲೂಸಿಫರ್, ಸೈತಾನ, ಸೈತಾನನ ಹೆಂಡತಿ ಚೀನಾ ಸುಪಾಯ್, ಅವರ ಹಿಂದೆ ಸಾಲು ಸಾಲಾಗಿ ಜಿಗಿಯುವ ದೆವ್ವಗಳ ಪಡೆ, ನಡುವೆ ಕರಡಿ ಮತ್ತು ಕಾಂಡರ್ ಹದ್ದು. ಇದನ್ನು ನೋಡುವ ಉಪಾಯವೆಂದರೆ ನಮ್ಮ ದೊಡ್ಡಾಟದ ರಾಕ್ಷಸ ಪಾತ್ರದ ಪ್ರವೇಶವನ್ನು ನೆನೆಯುವುದು: ಕಿರೀಟ, ಭುಜಕೀರ್ತಿ, ನೆಲ ನಡುಗಿಸುವ ಹೆಜ್ಜೆ. ಹಬ್ಬದ ದಿನಗಳಲ್ಲಿ ದೇವದೂತನು ಏಳು ಮಹಾಪಾಪಗಳನ್ನು ಒಂದೊಂದಾಗಿ ಮಾತಿನಲ್ಲಿ ಎದುರಿಸಿ ಮಣಿಸುವ ಸಂಭಾಷಣೆಯ ಪ್ರಸಂಗವನ್ನೂ ಆಡುತ್ತಾರೆ, ಭಾಷೆ ತಿಳಿಯದಿದ್ದರೂ ಅದರ ಏರಿಳಿತ ಬಯಲಾಟ ಕಂಡವರಿಗೆ ತಿಳಿಯುತ್ತದೆ. ಚೀನಾ ಸುಪಾಯ್ ಪಾತ್ರವನ್ನು ಹಿಂದೆ ಗಂಡಸರೇ ಕಟ್ಟುತ್ತಿದ್ದರು ಎಂಬುದೂ ಬಯಲಾಟದ ಸ್ತ್ರೀವೇಷದ ನೆನಪು ತರುತ್ತದೆ. ಈ ಕುಣಿತದ ಹಳೆಯ ತಂಡ 1904ರಲ್ಲಿ ಸ್ಥಾಪನೆಯಾದದ್ದು, ಇಂದಿಗೂ ಕುಣಿಯುತ್ತಿದೆ. ಮುಖವಾಡ ಮಾಡುವ ಕುಶಲಕರ್ಮಿಗಳ ಅಂಗಡಿಗಳು ಊರಿನ ಲಾ ಪಾಸ್ ಎಂಬ ಬೀದಿಯಲ್ಲಿವೆ. ಹಳೆಯ ಗಾರೆ ಮತ್ತು ತಗಡಿನ ಜಾಗಕ್ಕೆ ಈಗ ಫೈಬರ್ ಬಂದಿದ್ದರೂ ಬಣ್ಣ ಹಚ್ಚುವ ಕೈ ಮಾತ್ರ ಮನೆತನದ್ದೇ. ಕಿನ್ನಾಳದ ಚಿತ್ರಗಾರರ ಪಡಸಾಲೆಯಲ್ಲಿ ಕುಳಿತು ಬೊಂಬೆಯ ಕಣ್ಣು ಬರೆಯುವುದನ್ನು ನೋಡಿದವರು ಈ ಬೀದಿಯಲ್ಲಿ ಅರ್ಧ ದಿನವನ್ನಾದರೂ ಕಳೆಯದೆ ಬರಬಾರದೆಂಬುದು ನನ್ನ ಅಭಿಪ್ರಾಯ.

ನಂತರ ಗಮನ ಬೇಡುವುದು ಮೊರೆನಾದ. ಹೆಜ್ಜೆ ನಿಧಾನ, ಉಡುಪು ಹತ್ತಾರು ಕಿಲೊ ಭಾರ, ಕೈಯಲ್ಲಿ ತಿರುಗಿಸಿದರೆ ಕಟಕಟ ಸದ್ದು ಮಾಡುವ ಮತ್ರಾಕ. ಗಣಿಗಳಿಗೂ ದ್ರಾಕ್ಷಿತೋಟಗಳಿಗೂ ಹಿಡಿದು ತಂದ ಆಫ್ರಿಕಾದ ಗುಲಾಮರ ನೆನಪು ಈ ಕುಣಿತದಲ್ಲಿದೆ ಎನ್ನುತ್ತಾರೆ, ಆ ಸದ್ದು ಸರಪಳಿಯದು ಎಂದು ವಿವರಿಸುವವರೂ ಇದ್ದಾರೆ. ಹೊಳೆಯುವ ಮಣಿಗಳ ಕೆಳಗಿನ ಆ ಭಾರವನ್ನು ಮರೆತು ನೋಡಿದರೆ ಇದು ಬೇಸರದ ಕುಣಿತವೆನಿಸುತ್ತದೆ, ನೆನಪಿಟ್ಟು ನೋಡಿದರೆ ಕಣ್ಣು ತೆಗೆಯಲಾಗದು. ಗುಲಾಮರ ಮೇಲ್ವಿಚಾರಕನ ಪಾತ್ರದಿಂದ 1969ರ ಸುಮಾರಿಗೆ ಹುಟ್ಟಿದ ಕಪೊರಾಲೆಸ್ ಇದಕ್ಕೆ ತದ್ವಿರುದ್ಧ. ಬೂಟಿಗೆ ದೊಡ್ಡ ಗೆಜ್ಜೆ ಕಟ್ಟಿ ಹಾರುವ ತರುಣರ ಕುಣಿತ ಅದು. ಲಾಮಾ ಕಾಯುವವರ ಕುಣಿತದಲ್ಲಿ ಕೈಯಲ್ಲಿ ಬೀಸುವುದು ಕವಣೆ, ನಮ್ಮ ಜೋಳದ ಹೊಲದ ಅಟ್ಟಣಿಗೆಯಿಂದ ಹಕ್ಕಿ ಓಡಿಸಲು ಬೀಸುವಂಥದ್ದೇ. ತೋಬಾಸ್, ತಿಂಕು ಮುಂತಾದ ಇತರ ಕುಣಿತಗಳನ್ನು ಅವುಗಳ ಗರಿ, ಜಿಗಿತ, ಹೊಡೆದಾಟದ ಭಂಗಿಗಳಿಂದಲೇ ಗುರುತಿಸಬಹುದು.

ಹಿತ್ತಾಳೆ ವಾದ್ಯಗಳ ದೊಡ್ಡ ಮೇಳಗಳು ಎಲ್ಲರ ಕಿವಿ ತುಂಬುತ್ತವೆ. ಅವುಗಳ ನಡುವೆ ಸುರಿ ಸಿಕುರಿ ತಂಡ ಬಂದಾಗ ಕಿವಿಯನ್ನು ಹದಗೊಳಿಸಿಕೊಳ್ಳಬೇಕು. ಅವರು ಊದುವ ಸಿಕು ಎಂಬ ಬಿದಿರಿನ ಕೊಳವೆಗಳ ವಾದ್ಯದಲ್ಲಿ ಒಂದು ರಾಗದ ಸ್ವರಗಳು ಇಬ್ಬರಿಗೆ ಹಂಚಿಹೋಗಿರುತ್ತವೆ, ಒಬ್ಬರು ಬಿಟ್ಟ ಸ್ವರವನ್ನು ಇನ್ನೊಬ್ಬರು ತುಂಬದೆ ರಾಗ ಪೂರ್ಣವಾಗುವುದಿಲ್ಲ. ಸೋಬಾನೆಯಲ್ಲಿ ಒಂದು ಗುಂಪು ಎತ್ತಿದ ಸೊಲ್ಲನ್ನು ಇನ್ನೊಂದು ಗುಂಪು ಹಿಡಿದುಕೊಳ್ಳುವುದನ್ನು ಕೇಳಿದ ಕಿವಿಗೆ ಈ ಜೋಡಿ ಊದುವಿಕೆಯ ಸೊಗಸು ಬೇಗ ಸಿಕ್ಕುತ್ತದೆ.

ಕುಳಿತುಕೊಳ್ಳಲು ದಾರಿಯುದ್ದಕ್ಕೂ ಅಟ್ಟಣಿಗೆ ಆಸನಗಳಿರುತ್ತವೆ, ಜಾಗಕ್ಕೆ ತಕ್ಕಂತೆ ಬೆಲೆ. ಹಗಲಿನಲ್ಲಿ ಎಲ್ಲಾದರೂ ಕುಳಿತು ನೋಡಬಹುದು. ಅಲುಗಾಡುವ ಅಟ್ಟಣಿಗೆ, ಜನ ಕಿಕ್ಕಿರಿದ ಮೇಲುಸೇತುವೆ ಇವುಗಳಿಂದ ದೂರವಿರಬೇಕು. 2014ರ ಹಬ್ಬದಲ್ಲಿ ಪಾದಚಾರಿ ಸೇತುವೆಯೊಂದು ಮೆರವಣಿಗೆಯ ಮೇಲೆ ಕುಸಿದು ವಾದ್ಯಗಾರರೂ ಸೇರಿದಂತೆ ಹಲವರು ಸತ್ತರು. ಕತ್ತಲಾದ ಮೇಲೆ ಪ್ರೇಕ್ಷಕರಲ್ಲಿ ಕುಡಿತ ಹೆಚ್ಚುತ್ತದೆ, ಆಗ ಆಸನವನ್ನು ಬಿಟ್ಟು ನಿಧಾನವಾಗಿ ಸೊಕಾವೊನ್ ಗುಡಿಯ ಕಡೆಗೆ ನಡೆಯುವುದು ಸುರಕ್ಷಿತವೂ ಹೌದು, ಹಬ್ಬದ ತಿರುಳಿರುವುದೂ ಅಲ್ಲೇ. ಇದೇ ಬಗೆಯ ಕುಣಿತಗಳು ಪೆರುವಿನ ಪುನೊ ಪಟ್ಟಣದ ಫೆಬ್ರುವರಿಯ ಹಬ್ಬದಲ್ಲೂ ಇವೆ, ದಿಯಬ್ಲಾದ ಯಾರದು ಎಂಬ ವಾದ ಎರಡು ದೇಶಗಳ ನಡುವೆ ಬಲವಾಗಿದೆ. ಅಲ್ಲಿ ಕುಳಿತು ಅದನ್ನು ಕೆದಕದಿರುವುದು ಅತಿಥಿಗೆ ಲಕ್ಷಣ.

ಗುಡಿಯ ಗೋಡೆಯ ಮೇಲಿನ ತಾಯಿಯ ಚಿತ್ರಕ್ಕೆ ಒಂದು ಐತಿಹ್ಯವಿದೆ. ಉಳ್ಳವರಿಂದ ಕದ್ದು ಇಲ್ಲದವರಿಗೆ ಹಂಚುತ್ತಿದ್ದ ಕಳ್ಳನೊಬ್ಬ 1789ರಲ್ಲಿ ಗಾಯಗೊಂಡು ಗಣಿಯ ಬಳಿಯ ತನ್ನ ಅಡಗುದಾಣದಲ್ಲಿ ಸತ್ತಾಗ, ಅವನ ತಲೆದೆಸೆಯ ಗೋಡೆಯಲ್ಲಿ ತಾಯಿಯ ಚಿತ್ರ ಕಾಣಿಸಿತಂತೆ. ಹಗಲೆಲ್ಲ ಕುಣಿದ ತಂಡಗಳು ಆ ಚಿತ್ರದ ಮುಂದೆಯೇ ಯಾತ್ರೆಯನ್ನು ಮುಗಿಸುತ್ತವೆ. ಬಾಗಿಲಲ್ಲಿ ಮುಖವಾಡ ಕಳಚುತ್ತಾರೆ, ಒಳಗೆ ಮೊಣಕಾಲ ಮೇಲೆ ಸಾಗುತ್ತಾರೆ. ಇಡೀ ದಿನ ಭಯಂಕರವಾಗಿ ಕಂಡ ದೆವ್ವದ ಒಳಗೆ ಬೆವರಿದ ಒಬ್ಬ ಹುಡುಗನೋ ನಡುವಯಸ್ಸಿನ ಹೆಂಗಸೋ ಇದ್ದು, ಅಳುತ್ತ ತೆವಳುವುದನ್ನು ನೋಡಿದಾಗ ನನಗೆ ಕ್ಯಾಮೆರಾ ಕೆಳಗಿಡಬೇಕೆನಿಸಿತು. ಇಲ್ಲಿ ಟೋಪಿ ತೆಗೆದು, ಸಾಲು ಹಾದುಹೋಗಲು ಜಾಗ ಬಿಟ್ಟು, ಗೋಡೆಯ ಬದಿಗೆ ನಿಲ್ಲಬೇಕು; ಫ್ಲ್ಯಾಷ್ ಹಾಕಲೇಬಾರದು. ಬೇಕಾದರೆ ಹೊರಗೆ ಮೇಣದ ಬತ್ತಿ ಕೊಂಡು ಹಚ್ಚಬಹುದು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಆಲೂಗಡ್ಡೆ, ಗಿಣ್ಣು (ಚೀಸ್), ಮುಸುಕಿನ ಜೋಳಗಳನ್ನೇ ನೆಚ್ಚಬೇಕಾಗುತ್ತದೆ. ನೇರಳೆ ಬಣ್ಣದ ಮುಸುಕಿನ ಜೋಳದಿಂದ ಕಾಯಿಸುವ ‘ಆಪಿ’ ಎಂಬ ಬಿಸಿ ಪಾನೀಯ ನಮ್ಮ ಅಂಬಲಿಯ ನೆಂಟನಂತಿದೆ, ಜೊತೆಗೆ ಗಿಣ್ಣು ತುಂಬಿ ಕರಿದ ದೊಡ್ಡ ಕಡುಬನ್ನು ಕೊಡುತ್ತಾರೆ; ನಡುರಾತ್ರಿಯ ಚಳಿಗೆ ಇದಕ್ಕಿಂತ ಹಿತವಾದುದಿಲ್ಲ. ಅಷ್ಟು ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಬೇಳೆ ಬೇಯುವುದು ತಡ, ಕುಕ್ಕರಿಲ್ಲದೆ ಸ್ವಂತ ಅಡುಗೆಯ ಯೋಜನೆ ಬೇಡ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹೋದರೆ ವಾರ ಕಳೆಯಬಹುದು.

ಭಾನುವಾರ, ಸೋಮವಾರಗಳ ಕುಣಿತ ಮುಗಿದು ಪ್ರವಾಸಿಗಳು ಖಾಲಿಯಾದ ಮೇಲೆ ಮಂಗಳವಾರದ ‘ಚಲ್ಲಾ’ ಬರುತ್ತದೆ. ಮನೆ, ಅಂಗಡಿ, ವಾಹನಗಳಿಗೆ ಬಣ್ಣದ ಕಾಗದದ ಸುರುಳಿ ಕಟ್ಟಿ, ಹೂವಿನ ಎಸಳು ಎರಚಿ, ಪಚಮಾಮ ಎಂದು ಕರೆಯುವ ಭೂತಾಯಿಗೆ ಮದ್ಯವನ್ನು ನೆಲಕ್ಕೆ ಎರೆಯುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ಆಚರಣೆಗೂ ಇದಕ್ಕೂ ಭಾವ ಒಂದೇ; ಚೆಲ್ಲು, ಚಲ್ಲಾ ಎಂಬ ಶಬ್ದಗಳ ಹೋಲಿಕೆ ಮಾತ್ರ ಆಕಸ್ಮಿಕ. ಉಳಿದುಕೊಂಡ ಮನೆಯವರು ಕರೆದು ಕೈಗೆ ಲೋಟ ಕೊಟ್ಟರೆ ಬೇಡವೆನ್ನಬಾರದು. ಮೊದಲ ಹನಿಗಳನ್ನು ನೆಲಕ್ಕೆ ಎರೆದು, ಕುಡಿಯುವ ಅಭ್ಯಾಸವಿಲ್ಲದವರು ಉಳಿದದ್ದನ್ನೂ ನಿಧಾನವಾಗಿ ಅದೇ ಜಾಗದಲ್ಲಿ ಸುರಿದು, ಖಾಲಿ ಲೋಟವನ್ನು ಎರಡೂ ಕೈಯಿಂದ ಹಿಂದಿರುಗಿಸಬೇಕು.